ಸರಿಯಾದ ಎರಡನೆಯ ಸಾಲು

ತಂತಿ ಅಕ್ಕ ಲೋಟ ತೊಳೆಯುತ್ತಿದ್ದಳು.

ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಒಂದೊಂದರೊಳಗೂ ಎರಡು ಬೆರಳು ಹಾಕಿ, ತಳಕ್ಕೆ ಕಚ್ಚಿದ ಚಹಾದ ಕಲೆಯನ್ನು ಉಜ್ಜುತ್ತಿದ್ದಳು. ತೊಳೆದದ್ದನ್ನು ಹಳೆಯ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಬಾಗಿಲಿಗೆ ಒರಗಿ ನಿಂತ ಇನ್ಸ್‌ಪೆಕ್ಟರಮ್ಮ ಬಾಯಿ ತೆರೆಯಲಿಲ್ಲ. ಕೈ ಕೆಲಸದಲ್ಲಿದ್ದಾಗ ಮನುಷ್ಯರು ತಾವಾಗಿಯೇ ಮಾತಿಗೆ ಬರುತ್ತಾರೆ ಎಂಬುದು ಅವಳ ಅನುಭವ.

ಕೊನೆಯದು ನೀಲಿ ಲೋಟ, ಅಂಚಿನ ಚಕ್ಕೆ ಹಾರಿದ್ದು. ಅದನ್ನು ಮಾತ್ರ ತಂತಿ ಅಕ್ಕ ತೊಳೆಯಲಿಲ್ಲ. ಒಳಗೆ ಒಣಗಿದ್ದ ಕಲೆಯ ಸಮೇತ ಎತ್ತಿ ಕಪಾಟಿನ ಮೇಲಿಟ್ಟಳು.

“ಪಲ್ಲವಿಯವರದಾ?”

“ಹೂಂ.”

ಪಲ್ಲವಿ ಎಂದರೆ ಹೆಂಗಸಲ್ಲ. ಈ ಸಂಪರ್ಕ ಕೇಂದ್ರದ ಹಿರಿಯ ನೆಟ್‌ವರ್ಕ್ ನಿರ್ವಾಹಕ. ಮೊನ್ನೆ ಬೆಳಿಗ್ಗೆ ಯಂತ್ರದ ಕೋಣೆಯೊಳಗೆ, ಬೆಂಕಿ ಆರಿಸುವ ಅನಿಲಕ್ಕೆ ಸಿಕ್ಕಿ ಉಸಿರು ಕಟ್ಟಿ ಸತ್ತವನು. ಹಾಡಿನ ಮೊದಲ ಸಾಲನ್ನು ಯಾವಾಗಲೂ ಅವನೇ ಎತ್ತುತ್ತಿದ್ದುದರಿಂದ ಆ ಅಡ್ಡಹೆಸರು ಬಂದಿತ್ತು.

“ಲೋಟ ತೊಳೆಯೋದು ನಿಮ್ಮ ಕೆಲಸಾನಾ?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ಇಲ್ಲಿ ಅದು ಯಾರ ಕೆಲಸಾನೂ ಅಲ್ಲ ಮೇಡಂ. ಸೋತೋರ ಕೆಲಸ.”

“ಯಾವುದರಲ್ಲಿ ಸೋತೋರು?”

“ಹಾಡಲ್ಲಿ. ಈಗ ಆಟ ನಿಂತಿದೆ. ಲೋಟ ಕೊಳೆಯಾಗೋದು ನಿಂತಿಲ್ಲ.” ತಂತಿ ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. “ಅದಕ್ಕೆ ನಾನೇ ತೊಳೀತಿದ್ದೀನಿ. ಸೋತೋಳು ನಾನೇ ಅಲ್ವಾ.”

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಅಂದು ಬೆಳಿಗ್ಗೆ ಕುರ್ಚಿಯಿಂದ ಎದ್ದು ಹೋದವಳು ಅವಳು.

ಆ ಕುರ್ಚಿಯನ್ನು ಇನ್ಸ್‌ಪೆಕ್ಟರಮ್ಮ ಮೊದಲ ದಿನವೇ ನೋಡಿದ್ದಳು. ಮೊಣಕೈ ಇಡುವಲ್ಲಿ ಹರಿದು ಸ್ಪಂಜು ಹೊರಬಂದ ಸಾಧಾರಣ ಕುರ್ಚಿ. ಅದರೆದುರಿನ ಗೋಡೆಯಲ್ಲಿ ಒಂದು ಕೆಂಪು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಂದು ಕೀಲಿ. ಯಂತ್ರದ ಕೋಣೆಯಲ್ಲಿ ಹೊಗೆ ಕಂಡರೆ ಗಂಟೆ ಹೊಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅನಿಲ ಸುರಿದು ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳುತ್ತದೆ. ಒಳಗೆ ಮನುಷ್ಯರಿದ್ದರೆ, ಕುರ್ಚಿಯಲ್ಲಿ ಕೂತವರು ಆ ಕೀಲಿ ತಿರುಗಿಸಿ ಅನಿಲವನ್ನು ತಡೆಯಬೇಕು. ಕುರ್ಚಿಯಲ್ಲಿ ಜನ ಇಲ್ಲದೆ ಯಾರೂ ಒಳಗೆ ಹೋಗಕೂಡದು ಎಂಬುದು ಇಲ್ಲಿನ ಮೊದಲ ನಿಯಮ.

ಕುರ್ಚಿ ಇದ್ದದ್ದು ಓಣಿಯ ಈ ತುದಿಯಲ್ಲಿ, ಯಂತ್ರದ ಕೋಣೆ ಮೂಲೆ ತಿರುಗಿದ ಮೇಲೆ. ಕೂಗಿದರೆ ಕೇಳುವುದಿಲ್ಲ, ಇಣುಕಿದರೆ ಕಾಣುವುದಿಲ್ಲ. ಅದಕ್ಕೆ ಇವರು ಫೋನಿನ ಗುಂಪಿನಲ್ಲಿ ‘ಕುರ್ಚಿಯಲ್ಲಿದ್ದೇನೆ’ ಎಂದು ಬರೆಯಬೇಕಿತ್ತು. ಅದೇ ಮಾತನ್ನು ದಿನಾ ಬರೆದು ಬರೆದು ಬೇಸತ್ತು, ಹಾಡಿಗೆ ಇಳಿದಿದ್ದರು. ಒಳಗೆ ಹೋಗುವವರು ಒಂದು ಸಾಲು ಹಾಕುವುದು. ಕುರ್ಚಿಗೆ ಬಂದವರು ಅದಕ್ಕೊಂದು ಜವಾಬು ಹಾಕುವುದು. ಜವಾಬು ಬಂತೆಂದರೆ ಕುರ್ಚಿ ತುಂಬಿತೆಂದೇ ಅರ್ಥ. ಮ್ಯಾನೇಜರು ಕೋಪಿಸಿಕೊಂಡು ‘ಕೆಲಸದ ಗುಂಪಿನಲ್ಲಿ ಬೇಡದ ಮಾತು ಬೇಡ’ ಎಂದು ಆಜ್ಞೆ ಹೊರಡಿಸಿದ್ದರು. ಇವರು ಅಂದೇ ಇನ್ನೊಂದು ಗುಂಪು ಮಾಡಿ ಅದಕ್ಕೆ ‘ಬೇಡದ ಮಾತು’ ಎಂದೇ ಹೆಸರಿಟ್ಟರು.

ಮೊನ್ನೆ ಬೆಳಿಗ್ಗೆ ಆ ಗುಂಪಿನಲ್ಲಿ ಪಲ್ಲವಿಯ ಸಾಲು ಬಂತು. ಬೆನ್ನಿಗೇ, ಕುರ್ಚಿಗೆ ಬರಬೇಕಿದ್ದ ಹುಡುಗನ ಹೆಸರಿನಲ್ಲಿ ಜವಾಬೂ ಬಂತು. ಅದನ್ನು ನೋಡಿ, ಅವನು ಓಣಿಯಲ್ಲೇ ಬರುತ್ತಿದ್ದಾನೆ ಅಂದುಕೊಂಡು, ಪಾಳಿ ಮುಗಿಸಿದ್ದ ತಂತಿ ಅಕ್ಕ ಚೀಲ ಹೆಗಲಿಗೇರಿಸಿ ಹಿಂದಿನ ಮೆಟ್ಟಿಲು ಇಳಿದಳು.

ಓಣಿಯಲ್ಲಿ ಯಾರೂ ಬರುತ್ತಿರಲಿಲ್ಲ.

“ಸೋಲೋದು ಅಂದ್ರೆ ಹೇಗೆ?” ಇನ್ಸ್‌ಪೆಕ್ಟರಮ್ಮ ಕೇಳಿದಳು. “ಹಾಡಿನ ಮುಂದಿನ ಸಾಲು ಗೊತ್ತಿಲ್ಲದಿದ್ರೆ ಸೋತ ಹಾಗಾ?”

ತಂತಿ ಅಕ್ಕನ ಮುಖದಲ್ಲಿ ಬಂದು ಹೋದದ್ದು ನಗುವೋ ಅಳುವೋ ಹೇಳುವುದು ಕಷ್ಟವಾಗಿತ್ತು.

“ಉಲ್ಟಾ ಮೇಡಂ. ಸರಿಯಾದ ಸಾಲು ಹೇಳಿದೋರು ಸೋತರು. ಅವತ್ತು ಎಲ್ಲರ ಲೋಟ ಅವರೇ ತೊಳೀಬೇಕು.”

“ಅಂದ್ರೆ?”

“ಸರಿಯಾದ ಸಾಲು ಯಾರಿಗೆ ಬೇಕು? ರೇಡಿಯೋ ಹಾಕಿದ್ರೆ ಬರುತ್ತೆ. ಇಲ್ಲಿ ತಪ್ಪು ಸಾಲೇ ಹೇಳಬೇಕು, ಅದೂ ನಗು ಬರೋ ಹಾಗೆ.” ಅವಳು ಫೋನು ತೆಗೆದು ಹಳೆಯದನ್ನು ಸರಿಸುತ್ತ ಹೋದಳು. “ಇಲ್ನೋಡಿ. ಪಲ್ಲವಿ ಹಾಕಿದ್ದು, ‘ಮುಗಿಲಿನ ಮಹಡಿಗೆ ಚಂದಿರ ಬಂದ.’ ಆ ಹುಡುಗ ಹಾಕಿದ ಜವಾಬು, ‘ಏಣಿ ವಾಪಸ್ ಇಡೋಕೆ ಹೇಳಿ, ಸ್ಟೋರಿನವರು ಕೇಳ್ತಿದ್ದಾರೆ.’ ಇನ್ನೊಂದು, ‘ನಿನ್ನಯ ಕಣ್ಣಲಿ ನನ್ನೂರ ದಾರಿ.’ ಜವಾಬು, ‘ಹಾಗಾದ್ರೆ ಬಸ್ಸಿಗೆ ಯಾಕೆ ಕಾಯ್ತಿದ್ದೀರಿ?’”

“ಇದು ನಿಮ್ಮದಾ?”

“ಹೂಂ. ‘ಎದೆಯ ತಂತಿಯ ಮಿಡಿದವರಾರು?’ ಅಂತ ಹಾಕಿದ್ರು. ನಾನು, ‘ನಾನಲ್ಲ, ನಾನು ಮೇಲಿನ ಮಹಡಿಯಲ್ಲಿದ್ದೆ’ ಅಂದೆ. ಅವತ್ತಿಂದ ನನ್ನ ಹೆಸರು ತಂತಿ ಅಕ್ಕ. ಮನೆಯಲ್ಲಿ ಮೊಮ್ಮಗನೂ ಈಗ ಹಾಗೇ ಕರೀತಾನೆ.” ಫೋನಿನ ಬೆಳಕು ಆರಿತು. ಅವಳು ಅದನ್ನು ಮತ್ತೆ ಹೊತ್ತಿಸಲಿಲ್ಲ. “ತಲೆ ಎತ್ತಿ ಒಂದ್ಸಲ ಓಣಿ ಕಡೆ ನೋಡಿದ್ರೆ ಸಾಕಿತ್ತು ಮೇಡಂ. ಕತ್ತಿಗೇನು ಭಾರ ಇತ್ತು ನನಗೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.”

ಇನ್ಸ್‌ಪೆಕ್ಟರಮ್ಮ ಸಮಾಧಾನದ ಮಾತು ಆಡಲಿಲ್ಲ. ಆಡಿದ್ದರೆ ಅದು ಸುಳ್ಳಾಗುತ್ತಿತ್ತು.

“ಮೊನ್ನೆಯ ಸಾಲು ತೆಗೀರಿ,” ಎಂದಳು.

ತಂತಿ ಅಕ್ಕ ತೆಗೆದು ಕೊಟ್ಟಳು. ನೋಡುವ ಧೈರ್ಯವಿಲ್ಲದವಳಂತೆ ಮುಖವನ್ನು ನಲ್ಲಿಯ ಕಡೆ ತಿರುಗಿಸಿಕೊಂಡಳು.

ಪಲ್ಲವಿ ಬರೆದಿದ್ದ: ‘ಬಾಗಿಲ ಮುಂದೆ ನಿಂತೆ, ಬೆರಳೇಕೋ ನಡುಗಿದೆ.’

ಜವಾಬು: ‘ಕೂಗದೆ ಬಾ ಒಳಗೆ, ಅಗುಳಿ ತೆಗೆದಿದೆ.’

ಇನ್ಸ್‌ಪೆಕ್ಟರಮ್ಮ ಎರಡನ್ನೂ ತುಟಿಯಲ್ಲೇ ಓದಿಕೊಂಡಳು. ಒಂದರ ಪಕ್ಕ ಇನ್ನೊಂದು, ಡಬ್ಬಿಗೆ ತಕ್ಕ ಮುಚ್ಚಳದಂತೆ ಕೂತಿತ್ತು.

“ಈ ಹಾಡು ಯಾವುದು?”

“ಗೊತ್ತಿಲ್ಲ ಮೇಡಂ. ನಾನು ಕೇಳಿಲ್ಲ.”

“ನಾನೂ ಸ್ಟೇಷನ್ನಲ್ಲಿ ಎಲ್ಲರನ್ನೂ ಕೇಳಿದೆ. ಹುಡುಕಿಸಿದೆ. ಯಾವ ಸಿನಿಮಾದ್ದೂ ಅಲ್ಲ. ಯಾರೋ ಮನೆಯಲ್ಲಿ ಕೂತು ಕಟ್ಟಿದ ಹಾಡು.”

“ಪಲ್ಲವಿ ಕಟ್ಟಿದ್ದಿರಬಹುದು. ಹರೆಯದಲ್ಲಿ ಬರೀತಿದ್ರಂತೆ.”

“ಇರಬಹುದು. ಅಂದ್ಮೇಲೆ ಯಾರಿಗೂ ಗೊತ್ತಿಲ್ಲದ ಹಾಡಿಗೆ, ಹೀಗೆ ಪ್ರಾಸಕ್ಕೆ ಪ್ರಾಸ ಕೂರೋ ಸಾಲು ಆ ಹುಡುಗ ಹೇಗೆ ಬರೆದ? ಅವನಿಗೆ ನೀವೆಲ್ಲ ಏನಂತ ಕರೀತೀರಿ?”

“ಅಪಸ್ವರ.” ತಂತಿ ಅಕ್ಕ ಮೆಲ್ಲಗೆ ತಿರುಗಿದಳು. “ಒಂದಿನಾನೂ ಪ್ರಾಸ ಕೂಡಿಸಿದವನಲ್ಲ ಅವನು.”

“ಒಂದಿನಾನೂ ಲೋಟ ತೊಳೆದವನೂ ಅಲ್ಲ. ಅಲ್ವಾ?”

ಬೋರಲು ಹಾಕಿದ ಲೋಟಗಳಿಂದ ನೀರು ಬಟ್ಟೆಗೆ ಇಳಿದು ಅಗಲವಾಗಿ ಹರಡುತ್ತಿತ್ತು.

ಅಪಸ್ವರ ಸಾಮಾನಿನ ಕೋಣೆಯಲ್ಲಿದ್ದ. ಗೋಡೆಯುದ್ದಕ್ಕೂ ತಂತಿಯ ಸುರುಳಿಗಳು, ಕೆಟ್ಟ ಪೆಟ್ಟಿಗೆಗಳು, ಮೊನ್ನೆ ಯಂತ್ರದ ಕೋಣೆಯಲ್ಲಿ ಹೊಗೆ ಎಬ್ಬಿಸಿದ ಹಳೆಯ ಬ್ಯಾಟರಿಯ ಜಾತಿಯವೇ ಇನ್ನೂ ಕೆಲವು. ನಡುವೆ ಒಂದು ಮರದ ಪೆಟ್ಟಿಗೆಯ ಮೇಲೆ ಅವನು ಮೊಣಕಾಲು ತಬ್ಬಿಕೊಂಡು ಕೂತಿದ್ದ. ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಸತ್ತ ಪಲ್ಲವಿ ಅವನಿಗೆ ಸ್ವಂತ ಭಾವ, ಅಕ್ಕನ ಗಂಡ. ಈ ಕೆಲಸ ಕೊಡಿಸಿದ್ದೂ ಅವನೇ, ಇರಲು ಮನೆ ಕೊಟ್ಟಿದ್ದೂ ಅವನೇ.

ಸಂಜೆಯೊಳಗೆ ಮ್ಯಾನೇಜರು ಇವನ ಹೆಸರು ಬರೆದ ಹೇಳಿಕೆಯನ್ನು ಪೊಲೀಸರ ಕೈಗೆ ಕೊಡಲಿದ್ದರು. ಬಾರದೆಯೇ ಬಂದೆನೆಂದು ಬರೆದು, ಒಬ್ಬನ ಸಾವಿಗೆ ಕಾರಣನಾದವನು ಎಂದು. ಇವನ ಸಹಿಯೊಂದು ಬಿದ್ದರೆ ಮುಗಿಯಿತು, ಇನ್ಸ್‌ಪೆಕ್ಟರಮ್ಮನೇ ಕೈಹಿಡಿದು ಜೀಪು ಹತ್ತಿಸಬೇಕು.

ಅವಳು ಎದುರಿನ ಸುರುಳಿಯೊಂದರ ಮೇಲೆ ಕೂತಳು.

“ಸಹಿ ಹಾಕ್ತೀಯಂತೆ.”

“ಹಾಕ್ತೀನಿ ಮೇಡಂ.”

“ಆ ಸಾಲು ನೀನೇ ಬರೆದಿದ್ದು?”

“ಹೌದು.”

“ಎಲ್ಲಿಂದ?”

“ಬಸ್ಸಿಂದ. ಇನ್ನೇನು ಬಂದುಬಿಡ್ತೀನಲ್ಲ ಅಂತ ಬರೆದುಬಿಟ್ಟೆ. ಬಸ್ಸು ನಿಧಾನ ಆಯ್ತು.”

“ಯಾವುದರಲ್ಲಿ ಬರೆದೆ?”

“ಫೋನಲ್ಲಿ.”

“ಬೆಳಿಗ್ಗೆ ನಿನ್ನ ಫೋನಿಗೆ ಮಾಡಿದ್ದೆ.” ಇನ್ಸ್‌ಪೆಕ್ಟರಮ್ಮ ಧ್ವನಿ ಏರಿಸಲಿಲ್ಲ. “ಯಾರೋ ಎತ್ತಿದ್ರು. ‘ಅಮ್ಮಾ, ಇದು ರಿಪೇರಿಗೆ ಬಂದಿರೋ ಫೋನು. ಈಗಷ್ಟೇ ಜೀವ ಬಂತು. ಯಜಮಾನ್ರು ನೀರಿಗೆ ಹಾಕಿ ತಂದಿದ್ರು, ಆಮೇಲೆ ಅಕ್ಕಿಗಾದ್ರೂ ಹಾಕಿದ್ರೆ ಚೆನ್ನಾಗಿರ್ತಿತ್ತು’ ಅಂದ್ರು. ಫೋನು ಮೊನ್ನೆಗೂ ಮೊದಲಿಂದ ಅವರ ಹತ್ರಾನೇ ಇದೆಯಂತೆ.”

ಹುಡುಗ ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

“ಬೇರೆಯವರ ಫೋನಲ್ಲಿ ಬರೆದೆ.”

“ಯಾರದು?”

“ಬಸ್ಸಲ್ಲಿದ್ದೋರದು.”

“ಅವರ ಫೋನಲ್ಲಿ ನಿನ್ನ ಗುಂಪು ಇತ್ತಾ?”

ಹುಡುಗ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡ.

“ಅದು ಹೋಗಲಿ. ನಿನ್ನನ್ನ ಇನ್ನೊಂದು ಕೇಳ್ತೀನಿ. ಆ ಹಾಡು ಪೂರ್ತಿ ಹೇಳು, ಬರ್ಕೋತೀನಿ.”

“ಮರೆತುಹೋಯ್ತು.”

“ಮೂರನೇ ಸಾಲು?”

“ಮರೆತುಹೋಯ್ತು ಮೇಡಂ.”

“ಸರಿಯಾದ ಸಾಲು ಹಾಕಿದೋನು ಲೋಟ ತೊಳೀಬೇಕು. ಗೊತ್ತಿದ್ದೂ ಗೊತ್ತಿದ್ದೂ ನೀನ್ಯಾಕೆ ಸರಿಯಾದ ಸಾಲು ಹಾಕ್ತೀಯಾ? ಇಷ್ಟು ದಿನದಲ್ಲಿ ಒಮ್ಮೆಯೂ ಹಾಕದೋನು?” ಅವಳು ಮುಂದಕ್ಕೆ ಬಾಗಿದಳು. “ಅದನ್ನ ಬರೆದೋರಿಗೆ ಹಾಡು ಗೊತ್ತಿತ್ತು. ಆಟ ಗೊತ್ತಿರ್ಲಿಲ್ಲ. ಜವಾಬು ಅಂದ್ರೆ ಇಲ್ಲಿ ಏನರ್ಥ ಅಂತಾನೂ ಗೊತ್ತಿರ್ಲಿಲ್ಲ. ನಿನ್ನ ಗುಂಪು ಇನ್ನೆಲ್ಲಿ ತೆರೆದಿರುತ್ತೆ?”

ಹುಡುಗ ಹಲ್ಲು ಕಚ್ಚಿದ.

“ಮನೇಲಿ ಲ್ಯಾಪ್‌ಟಾಪ್ ಇದೆಯಾ?”

“ಮೇಡಂ, ನಾನು ಸಹಿ ಹಾಕ್ತೀನಿ ಅಂದ್ನಲ್ಲ. ತಪ್ಪು ಮಾಡಿದೋನೇ ಒಪ್ಕೊಂಡ ಮೇಲೆ ನಿಮಗಿನ್ನೇನು ಬೇಕು?”

“ತಪ್ಪು ಮಾಡಿದೋನು ಬೇಕು.”

“ನಾನೇ ಮಾಡಿದ್ದು!” ಅವನ ದನಿ ಒಡೆಯಿತು. “ಹೊತ್ತಿಗೆ ಸರಿಯಾಗಿ ಬಂದಿದ್ರೆ ಏನೂ ಆಗ್ತಿರ್ಲಿಲ್ಲ. ಆ ಅಂಗಡಿ ಮುಂದೆ ನಿಂತಿದ್ದೆ, ಫೋನಿಗೋಸ್ಕರ. ಈಗ ತೆಗೀತಾರೆ, ಈಗ ತೆಗೀತಾರೆ ಅಂತ. ಒಂದು ದರಿದ್ರ ಫೋನಿಗೆ. ಓಡಿ ಬಂದಾಗ ಗಂಟೆ ಆಗಲೇ ನಿಂತಿತ್ತು.”

ಅಷ್ಟು ನಿಜವೆಂದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು. ಗೇಟಿನ ಕಾವಲುಗಾರ ಅವನು ಓಡಿ ಬಂದದ್ದನ್ನು ಕಂಡಿದ್ದ. ಹಿಂದೆಯೇ ಹೋಗಿ, ಯಂತ್ರದ ಕೋಣೆಯ ಮುಚ್ಚಿದ ಬಾಗಿಲನ್ನು ಅವನು ಭುಜದಿಂದ ಗುದ್ದಿದ್ದನ್ನೂ ಕಂಡಿದ್ದ.

“ಗಂಟೆ ಬಾರಿಸಿದಾಗ ನಿನ್ನ ಭಾವ ಯಾಕೆ ಹೊರಗೆ ಓಡಿ ಬರ್ಲಿಲ್ಲ?”

“ಆ ಬ್ಯಾಟರಿಗಳು ಮುದಿಯಾಗಿದ್ವು. ವಾರಕ್ಕೊಂದ್ಸಲ ಹೊಗೆ, ವಾರಕ್ಕೊಂದ್ಸಲ ಗಂಟೆ. ಬದಲಾಯಿಸಿ ಅಂತ ಭಾವ ಕೇಳಿ ಕೇಳಿ ಸಾಕಾಗಿದ್ರು. ಗಂಟೆ ಬಾರಿಸಿದ್ರೆ ಕುರ್ಚಿಯಲ್ಲಿರೋರು ಕೀಲಿ ತಿರುಗಿಸ್ತಾರೆ, ಒಳಗಿರೋರು ಕೆಲಸ ಮುಂದುವರಿಸ್ತಾರೆ. ಯಾವಾಗ್ಲೂ ಹಾಗೇ.” ಅವನು ಅಂಗೈಯಿಂದ ಕಣ್ಣೊತ್ತಿಕೊಂಡ. “ನಾನು ಕುರ್ಚಿಯಲ್ಲಿದ್ದೀನಿ ಅಂದ್ಕೊಂಡಿದ್ರು. ನನ್ನ ನಂಬಿದ್ರು.”

ಕೋಣೆಯಲ್ಲಿ ಎಲ್ಲಿಂದಲೋ ಫ್ಯಾನಿನ ಸದ್ದು ಒಂದೇ ಶ್ರುತಿಯಲ್ಲಿ ಬರುತ್ತಿತ್ತು.

“ನಿನ್ನ ಅಕ್ಕ ಮತ್ತೆ ಭಾವ ಮಾತಾಡ್ತಿರ್ಲಿಲ್ವಾ?”

ಹುಡುಗ ಬೆಚ್ಚಿದ. “ಯಾರು ಹೇಳಿದ್ರು?”

“ನಾನು ನಿಮ್ಮ ಮನೆಗೆ ಬಂದಿದ್ದೆ. ಮಂಚ ಒಂದು ಕೋಣೇಲಿ, ಚಾಪೆ ಒಂದು ಕೋಣೇಲಿ.”

“ಸಣ್ಣ ಜಗಳ ಮೇಡಂ. ಯಾಕೆ ಅಂತ ಇಬ್ಬರಿಗೂ ಮರೆತುಹೋಗಿತ್ತು. ಮೊದಲು ಯಾರು ಮಾತಾಡ್ಬೇಕು ಅನ್ನೋದು ಮಾತ್ರ ಉಳಿದಿತ್ತು. ‘ನಿನ್ನ ಭಾವನಿಗೆ ಹೇಳು ನೀರು ಕಾದಿದೆ ಅಂತ,’ ‘ನಿನ್ನ ಅಕ್ಕನಿಗೆ ಹೇಳು ಕೇಳಿಸ್ತು ಅಂತ.’ ನಡುವೆ ನಾನು, ಟಪಾಲಿನವನ ಹಾಗೆ.” ಅವನು ನಗಲು ನೋಡಿದ, ಆಗಲಿಲ್ಲ. “ಅಕ್ಕ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಮುಚ್ಚೋಕೆ ಬಿಡ್ತಿರ್ಲಿಲ್ಲ. ಗುಂಪಲ್ಲಿ ಭಾವ ಏನು ಬರೀತಾರೆ ಅಂತ ನೋಡ್ತಿದ್ಲು. ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಒಬ್ಬಳೇ ನಗ್ತಿದ್ಲು. ಮನೇಲಿ ಆಡದ ಮಾತೆಲ್ಲ ಅವರು ಅಲ್ಲಿ ಆಡ್ತಿದ್ರಲ್ಲ.”

“ಆ ಹಾಡು?”

“ಮದುವೆಗೆ ಮುಂಚೆ ಭಾವ ಅವಳಿಗೆ ಬರೆದದ್ದು. ನನಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ. ಅವತ್ತು ಮನೆಗೆ ಹೋದಾಗ ಲ್ಯಾಪ್‌ಟಾಪ್ ಹಾಗೇ ತೆರೆದಿತ್ತು. ನನ್ನ ಹೆಸರಲ್ಲಿ ಆ ಸಾಲು. ನಾನು ಬರೆದಿಲ್ಲ. ಮನೇಲಿದ್ದಿದ್ದು ಅವಳೊಬ್ಬಳೇ.”

ಇನ್ಸ್‌ಪೆಕ್ಟರಮ್ಮ ಮುಖವನ್ನು ಕೆಳಗೆ ಮಾಡಿದಳು.

ಯಂತ್ರದ ಕೋಣೆಯ ಹೊರಗೆ ಒಂದು ತಟ್ಟೆ ಇದೆ, ಒಳಗೆ ಹೋಗುವವರು ಫೋನು ಇಟ್ಟುಹೋಗಲಿಕ್ಕೆ. ಪಲ್ಲವಿಯ ಫೋನು ಅದರಲ್ಲೇ ಸಿಕ್ಕಿತ್ತು. ತೆರೆದು ನೋಡಿದವಳು ಇನ್ಸ್‌ಪೆಕ್ಟರಮ್ಮನೇ. ಜವಾಬಿನ ಪಕ್ಕ ಓದಿದ ಗುರುತಿತ್ತು. ಅವನು ಓದಿದ್ದ. ಆ ಸಾಲು ಯಾರದೆಂದು ಅವನಿಗೆ ಗೊತ್ತಾಗಿರಲೇಬೇಕು. ಅಕ್ಕನನ್ನು ಕೇಳಿ ತಮ್ಮ ಬರೆದ ಎಂದುಕೊಂಡನೋ, ಅವಳೇ ಬರೆಸಿದಳು ಎಂದುಕೊಂಡನೋ, ಆ ಸಂತೋಷದಲ್ಲಿ ಕುರ್ಚಿಯ ವಿಚಾರವನ್ನೇ ಮರೆತನೋ, ಅದನ್ನು ಇನ್ನು ಯಾರೂ ಹೇಳಲಾರರು. ಫೋನು ತಟ್ಟೆಯಲ್ಲಿಟ್ಟು ಒಳಗೆ ನಡೆದ, ಅಷ್ಟು ನಿಜ.

ಈ ಕೇಸಿನಲ್ಲಿ ಅವಳು ಮೊದಲ ದಿನದಿಂದ ಒಬ್ಬ ಕೆಟ್ಟವನನ್ನು ಹುಡುಕುತ್ತಿದ್ದಳು. ಸಿಕ್ಕಿದ್ದರೆ ಎಷ್ಟು ಸಲೀಸಿತ್ತು.

“ನಿನ್ನ ಅಕ್ಕನಿಗೆ ಗೊತ್ತಾ?”

“ಇಲ್ಲ.” ಹುಡುಗ ಪೆಟ್ಟಿಗೆಯಿಂದ ಜಾರಿ ಅವಳ ಎದುರು ನೆಲದ ಮೇಲೆಯೇ ಕೂತ. “ಅನಿಲ ಸೋರಿತು, ಕುರ್ಚಿಯಲ್ಲಿ ಯಾರೂ ಇರ್ಲಿಲ್ಲ, ಅಷ್ಟೇ ಗೊತ್ತು. ಹಾಡಿಗೂ ಕುರ್ಚಿಗೂ ಇರೋ ಸಂಬಂಧ ಹೊರಗಿನವರಿಗೆ ಯಾರಿಗೂ ಗೊತ್ತಿಲ್ಲ. ಅವಳ ಪಾಲಿಗೆ ಅದು ಬರೀ ಹಾಡು. ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಜೈಲಿಗೆ ಹೋದ್ರೆ ಒಂದಲ್ಲ ಒಂದಿನ ವಾಪಸ್ ಬರ್ತೀನಿ. ಇದು ಗೊತ್ತಾದ್ರೆ ಅವಳು ಎಲ್ಲಿಂದ ವಾಪಸ್ ಬರ್ತಾಳೆ?”

“ಏಳು ಮೇಲೆ.”

“ನೀವು ಹೂಂ ಅನ್ನೋವರೆಗೂ ಏಳಲ್ಲ.”

“ಏಳಪ್ಪಾ.”

ಅಪ್ಪಾ ಎಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಅವನು ಎದ್ದ.

ಬಾಗಿಲು ತಟ್ಟುವ ಗೋಜಿಗೆ ಹೋಗದೆ ಮ್ಯಾನೇಜರು ಒಳಗೆ ಬಂದರು. ಬೆವರಿನಿಂದ ಅವರ ಕಾಲರು ಕತ್ತಿಗೆ ಅಂಟಿತ್ತು. ಕೈಯಲ್ಲಿ ಟೈಪು ಮಾಡಿದ ಹೇಳಿಕೆ, ಅದರ ಮೇಲೊಂದು ಪೆನ್ನು.

“ಮೇಡಂ, ಇವನದೊಂದು ಸಹಿ ಆದ್ರೆ ನನ್ನ ಕಡೆಯಿಂದ ಎಲ್ಲಾ ಮುಗೀತು. ನಾನು ಮೊದಲೇ ಬಾಯಿ ಬಡ್ಕೊಂಡಿದ್ದೆ. ಹಾಡು ಗೀಡು ಬೇಡ, ಇದು ಕೆಲಸದ ಜಾಗ ಅಂತ. ಯಾರು ಕೇಳ್ತಾರೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

“ಬ್ಯಾಟರಿ ಬದಲಾಯಿಸಿ ಅಂತಾನೂ ಯಾರೋ ಬಾಯಿ ಬಡ್ಕೊಂಡಿದ್ರಂತಲ್ಲ,” ಎಂದಳು ಇನ್ಸ್‌ಪೆಕ್ಟರಮ್ಮ.

ಮ್ಯಾನೇಜರು ಕಾಲರನ್ನು ಸಡಿಲಿಸಿಕೊಂಡರು. “ಅದು ಬೇರೆ ವಿಷಯ ಮೇಡಂ.”

“ಬೇರೆ ಅಲ್ಲ. ಅದಕ್ಕೂ ಬರ್ತೀನಿ, ಕೂತಿರಿ.”

ಅವರು ಕೂರಲಿಲ್ಲ. ಪೆನ್ನನ್ನು ಹುಡುಗನ ಕಡೆ ಚಾಚಿದರು. ಅಪಸ್ವರ ಅದನ್ನು ಇಸಕೊಂಡ. ಕಾಗದವನ್ನು ಒಂದು ಕೆಟ್ಟ ಪೆಟ್ಟಿಗೆಯ ಮೇಲೆ ಹರಡಿಕೊಂಡ. ಸಹಿಯ ಜಾಗದ ಮೇಲೆ ಪೆನ್ನಿನ ಮೊನೆ ಇಟ್ಟು, ಒಮ್ಮೆ ಇನ್ಸ್‌ಪೆಕ್ಟರಮ್ಮನನ್ನು ನೋಡಿದ.

ಅವಳು ಬೇಡವೆನ್ನಬೇಕಿತ್ತು. ಸುಳ್ಳು ಹೇಳಿಕೆಗೆ ಕಣ್ಣೆದುರೇ ಸಹಿ ಬೀಳಲು ಬಿಡುವುದು ಅವಳ ಧರ್ಮವಲ್ಲ. ಬೇಡವೆಂದರೆ ಯಾಕೆಂದು ಹೇಳಬೇಕು, ಹೇಳಿದರೆ ಅದು ಈ ಕೋಣೆಯಲ್ಲಿ ನಿಲ್ಲುವ ಮಾತಲ್ಲ.

“ಸ್ವಲ್ಪ ತಡಿ,” ಎಂದಷ್ಟೇ ಹೇಳಿದಳು.

ಆಗಲೇ ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು. ತಂತಿ ಅಕ್ಕನ ದನಿ, “ಇಲ್ಲಿ ಬೇಡಮ್ಮಾ, ಆಚೆ ಕೂತ್ಕೋ, ನಾನೇ ತಂದ್ಕೊಡ್ತೀನಿ,” ಎನ್ನುತ್ತಿತ್ತು. ಯಾರೋ, “ಪರವಾಗಿಲ್ಲ ಅಕ್ಕ,” ಎಂದರು.

ಬಾಗಿಲಲ್ಲಿ ಹುಡುಗನ ಅಕ್ಕ ನಿಂತಿದ್ದಳು. ತಲೆಗೂದಲು ಬಾಚದೆ ಗಂಟು ಹಾಕಿದ್ದಳು. ಎದೆಗೆ ಒತ್ತಿಕೊಂಡಿದ್ದದ್ದು ಗಂಡನ ಚೀಲ. ಅದನ್ನು ಬಂದು ಒಯ್ಯುವಂತೆ ಮ್ಯಾನೇಜರೇ ಬೆಳಿಗ್ಗೆ ಹೇಳಿ ಕಳಿಸಿದ್ದರು. ಚೀಲದ ಬಾಯಿಂದ ಒಂದು ಜೊತೆ ಕಾಲುಚೀಲದ ತುದಿ ಇಣುಕುತ್ತಿತ್ತು.

“ನೀನಿಲ್ಲಿದ್ದೀಯಾ?” ಎಂದಳು ತಮ್ಮನಿಗೆ. “ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?”

“ತಿಂದೆ ಅಕ್ಕ. ನೀನು ಮನೆಗೆ ಹೋಗು.”

“ಇದೇನು, ಎಲ್ಲರೂ ಇಲ್ಲೇ?” ಅವಳ ಕಣ್ಣು ಪೆನ್ನಿನ ಮೇಲೆ ಬಿತ್ತು. “ಏನದು?”

“ಏನಿಲ್ಲ. ಆಫೀಸಿಂದು.”

“ನಿಮ್ಮ ತಮ್ಮನ ಹೇಳಿಕೆ ಅಮ್ಮಾ,” ಎಂದರು ಮ್ಯಾನೇಜರು, ಧ್ವನಿಯಲ್ಲಿ ಮರುಕ ತುಂಬಿಕೊಂಡು. “ಹುಡುಗಾಟ ನೋಡಿ. ಅವತ್ತು ಗುಂಪಲ್ಲಿ ಇವನೊಂದು ಹಾಡಿನ ಸಾಲು ಹಾಕಿದ್ನಲ್ಲ...”

“ನೀವು ಸುಮ್ಮನಿರ್ತೀರಾ?” ಇನ್ಸ್‌ಪೆಕ್ಟರಮ್ಮ ಥಟ್ಟನೆ ಎದ್ದಳು.

ತಡವಾಗಿತ್ತು.

“ಯಾವ ಸಾಲು?” ಎಂದಳು ಅಕ್ಕ. “ಬಾಗಿಲು, ಅಗುಳಿ ಅಂತ ಬರುತ್ತಲ್ಲ, ಅದಾ?”

ಯಾರೂ ಹೌದೆನ್ನಲಿಲ್ಲ. ಅವಳಿಗೆ ಹೌದೆಂದೇ ತಿಳಿಯಿತು. ಮುಖಕ್ಕೆ ಒಂದಿಷ್ಟು ರಕ್ತ ಬಂತು. ಸೂತಕದ ಮುಖದಲ್ಲಿ ಅದು ನಾಚಿಕೆಯಂತೆ ಕಂಡಿತು.

“ಅದು ಇವನು ಹಾಕಿದ್ದಲ್ಲ. ಇವನಿಗೆಲ್ಲಿ ಬರಬೇಕು ಅದು? ನಾನು ಹಾಕಿದ್ದು.”

“ಅಕ್ಕಾ!”

“ಇರಲಿ ಬಿಡೋ, ಇನ್ನೇನು ಮುಚ್ಚುಮರೆ.” ಅವಳು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು, ಹೆಂಗಸಿಗೆ ಹೆಂಗಸು ಹೇಳುವಂತೆ. “ನಾವಿಬ್ಬರೂ ಮಾತು ಬಿಟ್ಟಿದ್ವಿ ಮೇಡಂ. ಬಹಳ ದಿನ ಆಗಿತ್ತು. ಅವತ್ತು ಅವರು ನಮ್ಮ ಹಾಡು ಹಾಕಿದ್ರು. ಅಷ್ಟು ಜನರ ನಡುವೆ. ನನಗೇ ಅಂತ ಗೊತ್ತಾಯ್ತು. ಇವನ ಲ್ಯಾಪ್‌ಟಾಪಲ್ಲಿ ನಾನು ನೋಡ್ತೀನಿ ಅಂತ ಅವರಿಗೂ ಗೊತ್ತಿತ್ತೇನೋ. ಕೈ ಒದ್ದೆ ಇತ್ತು. ಒರೆಸಿಕೊಂಡು, ಮುಂದಿನ ಸಾಲು ಬರೆದುಬಿಟ್ಟೆ.”

ತಂತಿ ಅಕ್ಕ ಅವಳ ಹಿಂದೆ ನಿಂತಿದ್ದಳು. ಅವಳು ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮ್ಯಾನೇಜರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅವರಿಗೂ ಅರ್ಥವಾಗಿತ್ತು.

ಅಕ್ಕನಿಗೆ ಮಾತ್ರ ಆಗಿರಲಿಲ್ಲ. ಅವಳು ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ತಮ್ಮನ ಮುಖದ ಬಳಿ ನಿಂತಳು. ಅವನ ಕೈಯಲ್ಲಿ ಪೆನ್ನು ಕಾ‌ಗದಕ್ಕೆ ಒತ್ತಿ, ಶಾಯಿ ಒಂದೇ ಕಡೆ ಗುಂಡಗೆ ಹರಡುತ್ತಿತ್ತು.

“ಮೂರು ದಿನದಿಂದ ಅದೊಂದೇ ತಲೇಲಿ. ನಾನು ಬರೆದ ಮೇಲೆ ಅವರಿಂದ ಏನೂ ಬರ್ಲಿಲ್ಲ. ಕೋಪ ಹೋಗಿರ್ಲಿಲ್ವೋ ಏನೋ ಅಂತ. ಇಲ್ಲಾ ಅಷ್ಟರಲ್ಲೇ...” ಅವಳು ಚೀಲದಿಂದ ಇಣುಕುತ್ತಿದ್ದ ಕಾಲುಚೀಲವನ್ನು ಒಳಗೆ ತುರುಕಿದಳು. “ಅವರ ಫೋನು ನಿಮ್ಮ ಹತ್ರ ಇದೆಯಂತೆ. ನನಗೆ ಅದು ಬೇಡ. ಬೇರೇನೂ ಬೇಡ ಮೇಡಂ. ಒಳಗೆ ಹೋಗೋ ಮುಂಚೆ ಅವರು ನನ್ನ ಸಾಲು ಓದಿದ್ರಾ, ಇಲ್ವಾ? ಅದೊಂದು ಹೇಳಿಬಿಡಿ.”

ಇನ್ಸ್‌ಪೆಕ್ಟರಮ್ಮ ಹುಡುಗನನ್ನು ನೋಡಿದಳು. ಹುಡುಗ ನೆಲ ನೋಡುತ್ತಿದ್ದ.

“ಯಾರಾದ್ರೂ ಹೇಳಿ,” ಎಂದಳು ಅಕ್ಕ.